ಗುಡುಗು, ಕಿರಣ ಮತ್ತು ಅಣಬೆಯ ತಳಿ

(ಬಾನುಲಿ ಭಾಷಣದ ಲಿಖಿತ ರೂಪ)

ಕಾಳಿದಾಸನ ‘ಮೇಘದೂತ’ದಲ್ಲಿ ಯಕ್ಷನು ಮೋಡದ ಗುಡುಗನ್ನು ಕೊಂಡಾಡುವಾಗ, ನೆಲದಲ್ಲಿ ಶಿಲೀಂಧ್ರಗಳನ್ನು ಎಬ್ಬಿಸಿ ಭೂಮಿ ಬಂಜೆಯಲ್ಲವೆಂದು ತೋರಿಸುವ ಶಕ್ತಿ ಆ ಧ್ವನಿಗಿದೆ ಎಂಬ ಭಾವದ ಮಾತೊಂದನ್ನು ಆಡುತ್ತಾನೆ. ಶಿಲೀಂಧ್ರವೆಂದರೆ ಇಲ್ಲಿ ಅಣಬೆ ಎಂದು ಅರ್ಥ ಮಾಡುವುದು ರೂಢಿ. ನಮ್ಮ ಮಲೆನಾಡಿನ ಹಿರಿಯರಿಗೆ ಈ ಮಾತನ್ನು ಯಾವ ವ್ಯಾಖ್ಯಾನಕಾರನೂ ಬಿಡಿಸಿ ಹೇಳಬೇಕಾಗಿಲ್ಲ. ಗುಡುಗು ಸಿಡಿಲಿನ ಮಳೆ ಬಿದ್ದ ಮೇಲೆ ಹುತ್ತದ ಮಗ್ಗುಲಲ್ಲಿ ಅಣಬೆ ಹುಡುಕಹೊರಡುವುದು ಅವರ ಪರಂಪರೆಯ ಜ್ಞಾನ. ಬೀಜ ಬಿತ್ತಿದವರಿಲ್ಲ, ಬೇರು ಕಂಡವರಿಲ್ಲ. ರಾತ್ರಿ ಬೆಳಗಾಗುವುದರೊಳಗೆ ಎದ್ದು ನಿಂತ ಈ ಬೆಳ್ಗೊಡೆಗೆ ಆಕಾಶವಲ್ಲದೆ ಮತ್ತಾರು ಜನಕರು? ಕಣ್ಣಿಗೆ ಕಾಣದ ಹುಟ್ಟಿನ ಬಗ್ಗೆ ಜನಕ್ಕೆ ಅನುಮಾನವೂ ಇತ್ತು. ಮನುಸ್ಮೃತಿಯು ಬೆಳ್ಳುಳ್ಳಿ, ಈರುಳ್ಳಿಗಳೊಡನೆ ‘ಕವಕ’ವನ್ನೂ, ಅಂದರೆ ಅಣಬೆಯನ್ನೂ, ದ್ವಿಜರಿಗೆ ಅಭಕ್ಷ್ಯವೆಂದು ವಿಧಿಸಿತು. ಹೀಗೆ ಕವಿಯ ಬೆರಗಿಗೂ ಸ್ಮೃತಿಕಾರನ ನಿಷೇಧಕ್ಕೂ ಸಮಾನವಾಗಿ ಪಾತ್ರವಾದ ಪದಾರ್ಥ ಇದು.

ನಾನು ಕನ್ನಡ ಪಾಠ ಹೇಳಿ ನಿವೃತ್ತನಾದವನು, ವಿಜ್ಞಾನದ ಪದವೀಧರನಲ್ಲ. ಆದರೆ ಶಬ್ದಗಳ ಬೆನ್ನು ಹತ್ತಿ ಹೋಗುವ ಚಾಳಿಯೊಂದು ನನಗುಂಟು. ‘ಮ್ಯುಟೇಷನ್’ ಎಂಬುದನ್ನು ನಮ್ಮವರು ‘ಉತ್ಪರಿವರ್ತನೆ’ ಎಂದೂ ‘ವಿಕೃತಿ’ ಎಂದೂ ಕರೆದಿದ್ದಾರೆ. ವಿಕೃತಿ ಎಂದರೆ ಆಡುಮಾತಿನಲ್ಲಿ ಕುರೂಪ. ವ್ಯಾಕರಣದಲ್ಲಿ ಮಾತ್ರ ಅದು ಪ್ರಕೃತಿಯಿಂದ ಮಾರ್ಪಟ್ಟ ರೂಪ. ಸಂಸ್ಕೃತದ ‘ಯಾತ್ರಾ’ ನಮ್ಮ ನಾಲಗೆಯ ಮೇಲೆ ‘ಜಾತ್ರೆ’ಯಾಯಿತು. ನಾಲಗೆ ತಪ್ಪಿದ ಸಾವಿರ ರೂಪಗಳು ಹುಟ್ಟಿ ಸತ್ತಿರಬೇಕು. ಜನ ಕೈಹಿಡಿದದ್ದು ಮಾತ್ರ ಉಳಿದು, ತನ್ನದೇ ಅರ್ಥವನ್ನು ಪಡೆದು ಬೆಳೆಯಿತು. ಜೀವಿಗಳಲ್ಲಿಯೂ ನಡೆಯುವುದು ಹೆಚ್ಚುಕಡಿಮೆ ಇದೇ. ಬದಲಾವಣೆ ಎಂಬುದು ಗೊತ್ತುಗುರಿಯಿಲ್ಲದೆ ಬರುತ್ತದೆ. ಉಳಿಸಿಕೊಳ್ಳುವವರು ಯಾರು, ಏಕೆ ಉಳಿಸಿಕೊಂಡರು ಎಂಬುದರಲ್ಲಿಯೇ ಇತಿಹಾಸವಿದೆ. ತಿನ್ನುವ ಅಣಬೆಯ ತಳಿಗಳ ಕಥೆಯನ್ನು ಇಂದು ನಿಮ್ಮ ಮುಂದೆ ಈ ದೃಷ್ಟಿಯಿಂದ ಇಡಬಯಸುತ್ತೇನೆ.

ಇಂದು ಪೇಟೆಯಲ್ಲಿ ‘ಬಟನ್ ಅಣಬೆ’ ಎಂದು ಮಾರುವ ಬಿಳಿಯ ಗುಂಡಿಯಾಕಾರದ ಅಣಬೆಯ ಕೃಷಿ ಹುಟ್ಟಿದ್ದು ಫ್ರಾನ್ಸಿನಲ್ಲಿ. 17ನೆಯ ಶತಮಾನದಲ್ಲಿ ಪ್ಯಾರಿಸ್ ಸುತ್ತಿನ ತೋಟಗಾರರು ಕುದುರೆಲದ್ದಿಯ ಗೊಬ್ಬರದ ಮಡಿಗಳಲ್ಲಿ ಅದನ್ನು ಬೆಳೆಸುವುದನ್ನು ಕಲಿತರು. 1707ರಲ್ಲಿ ಟೂರ್ನ್‌ಫೋರ್ ಎಂಬ ಸಸ್ಯವಿಜ್ಞಾನಿ ಈ ಕ್ರಮವನ್ನು ಫ್ರೆಂಚ್ ವಿಜ್ಞಾನ ಅಕಾಡೆಮಿಗೆ ವಿವರಿಸಿದನು. 19ನೆಯ ಶತಮಾನದ ಆರಂಭದಲ್ಲಿ ಈ ಬೇಸಾಯ ಪ್ಯಾರಿಸ್ಸಿನ ನೆಲದಡಿಯಲ್ಲಿದ್ದ, ಕಲ್ಲು ತೆಗೆದು ಬಿಟ್ಟ ಗಣಿಗಳ ಕತ್ತಲೆಗೆ ಇಳಿಯಿತು. ಆದರೆ ‘ಬೀಜ’ ಎಂಬುದು ಆಗಲೂ ಒಂದು ಗುಟ್ಟೇ ಆಗಿತ್ತು. ಹಳೆಯ ಮಡಿಯಲ್ಲಿ ಬಿಳಿ ಎಳೆಗಳು ಹೆಣೆದುಕೊಂಡ ಗೊಬ್ಬರದ ಹೆಂಟೆಯನ್ನು ಒಡೆದು ಹೊಸ ಮಡಿಗೆ ಹಾಕುತ್ತಿದ್ದರು; ಮನೆಯಲ್ಲಿ ಹೆಪ್ಪಿನ ಮೊಸರನ್ನು ಉಳಿಸಿಕೊಳ್ಳುತ್ತಾರಲ್ಲ, ಹಾಗೆ. ಹೆಪ್ಪಿನೊಡನೆ ರೋಗವೂ ಕೀಟವೂ ಸಾಗಿಬರುತ್ತಿದ್ದವು. 1890ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಕೊಸ್ಟಾಂಟಿನ್ ಮತ್ತು ಮಾತ್ರೂಶೊ ಎಂಬವರು ಬೀಜಕಗಳನ್ನು ಮೊಳೆಯಿಸಿ ಶುದ್ಧ ಬಿತ್ತನ್ನು ತಯಾರಿಸಿದರು. 1905ರಲ್ಲಿ ಅಮೆರಿಕದ ಬೆಂಜಮಿನ್ ಡಗ್ಗರ್, ಅಣಬೆಯ ಒಳತಿರುಳಿನ ಒಂದು ಚೂರಿನಿಂದಲೇ ಶುದ್ಧ ಬಿತ್ತನ್ನು ಬೆಳೆಸಬಹುದೆಂದು ಪ್ರಕಟಿಸಿದನು. ಇದೇ ಡಗ್ಗರ್ ತನ್ನ ಮುಪ್ಪಿನಲ್ಲಿ ಆರಿಯೊಮೈಸಿನ್ ಎಂಬ ಔಷಧವನ್ನು ಕಂಡುಹಿಡಿದವನು.

ತಿರುಳಿನ ಚೂರಿನಿಂದ ಬಿತ್ತು ತಯಾರಿಸುವುದೆಂದರೆ ಏನರ್ಥ? ತಾಯಿಯ ಗುಣ ಯಥಾವತ್ತಾಗಿ ಮಕ್ಕಳಿಗೆ ಬರುತ್ತದೆ. ಒಂದು ಒಳ್ಳೆಯ ಅಣಬೆಯನ್ನು ಆರಿಸಿ ಅದನ್ನೇ ಲಕ್ಷಗಟ್ಟಲೆ ಮಾಡಬಹುದು. ಇದರ ಪರಿಣಾಮ ಕೆಲವೇ ವರ್ಷಗಳಲ್ಲಿ ಕಂಡಿತು. ಅಲ್ಲಿಯವರೆಗೆ ಬೆಳೆಯುತ್ತಿದ್ದ ಅಣಬೆ ಹೆಚ್ಚಾಗಿ ಕಂದುಬಣ್ಣದ್ದು. 1925ರ ಸುಮಾರಿಗೆ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಕೋಟ್ಸ್‌ವಿಲ್ ಎಂಬ ಊರಿನ ಅಣಬೆ ತೋಟದಲ್ಲಿ, ಕಂದು ಅಣಬೆಗಳ ಮಡಿಯ ನಡುವೆ ಅಚ್ಚಬಿಳಿಯ ಅಣಬೆಗಳು ಕಾಣಿಸಿಕೊಂಡವು. ಯಾವ ಕಿರಣವೂ ಬಿದ್ದಿರಲಿಲ್ಲ, ಯಾವ ರಾಸಾಯನಿಕವೂ ಸೋಕಿರಲಿಲ್ಲ. ಪ್ರಕೃತಿ ತಾನೇ ತಪ್ಪಿ ಬರೆದ ಒಂದು ಅಕ್ಷರ ಅದು. ಅದನ್ನು ಕಿತ್ತು ಬಿಸಾಡದೆ ಎತ್ತಿಟ್ಟುಕೊಂಡದ್ದು ಮನುಷ್ಯನ ಕಣ್ಣು. ಬಿಳುಪೆಂದರೆ ಶುಚಿ ಎಂದು ಭಾವಿಸಿದ ಪೇಟೆ ಅದನ್ನು ಮೆಚ್ಚಿತು. ಇಂದು ಲೋಕದಲ್ಲಿ ಬೆಳೆಯುವ ಬಟನ್ ಅಣಬೆಯ ಬಹುಭಾಗ ಬಿಳಿಯದೇ. ರುಚಿಯಲ್ಲಿಯಾಗಲಿ ಪೋಷಣೆಯಲ್ಲಿಯಾಗಲಿ ಕಂದು ಅಣಬೆ ಕಡಮೆಯದಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ಬಿಳಿ ಅಣಬೆ ಹೆಸರು ಮಾಡುತ್ತಿದ್ದ ಅದೇ ಕಾಲದಲ್ಲಿ, 1927ರಲ್ಲಿ, ಟೆಕ್ಸಾಸ್ ವಿಶ್ವವಿದ್ಯಾನಿಲಯದ ಹರ್ಮನ್ ಮುಲ್ಲರ್ ಹಣ್ಣುನೊಣಗಳಿಗೆ ಕ್ಷಕಿರಣ ಹಾಯಿಸಿ, ಅವುಗಳ ವಂಶವಾಹಿಗಳಲ್ಲಿ ಬದಲಾವಣೆಯ ಪ್ರಮಾಣವನ್ನು ಸುಮಾರು 150 ಪಟ್ಟು ಹೆಚ್ಚಿಸಿದ್ದಾಗಿ ಪ್ರಕಟಿಸಿದನು. ಮರುವರ್ಷವೇ ಲೂಯಿಸ್ ಸ್ಟ್ಯಾಡ್ಲರ್ ಬಾರ್ಲಿಯಲ್ಲಿ ಇದೇ ಪರಿಣಾಮವನ್ನು ತೋರಿಸಿದನು. ಮುಲ್ಲರನಿಗೆ 1946ರಲ್ಲಿ ನೊಬೆಲ್ ಬಹುಮಾನ ಬಂದಿತು. ಯುಗಗಳ ಕಾಲ ಪ್ರಕೃತಿ ತನಗೆ ಬೇಕಾದಾಗ ಮಾಡುತ್ತಿದ್ದುದನ್ನು ಮನುಷ್ಯ ತನಗೆ ಬೇಕಾದಾಗ ಮಾಡಬಲ್ಲವನಾದನು. ಮೇಘದೂತದ ಗುಡುಗು ಪ್ರಯೋಗಶಾಲೆಗೆ ಬಂದಂತಾಯಿತು. ಆದರೆ ಗುಡುಗು ಯಾವ ಹುತ್ತದ ಬಳಿ ಅಣಬೆ ಏಳಬೇಕೆಂದು ಆರಿಸುವುದಿಲ್ಲವಷ್ಟೆ? ಕ್ಷಕಿರಣವೂ ಆರಿಸುವುದಿಲ್ಲ. ಅದು ತಗುಲಿದ ಕಡೆ ಕೆಡಿಸುತ್ತದೆ. ಬಹಳಷ್ಟು ಜೀವಕೋಶಗಳು ಸಾಯುತ್ತವೆ. ಉಳಿದವುಗಳಲ್ಲಿ ಹೆಚ್ಚಿನವು ಊನಗೊಂಡಿರುತ್ತವೆ. ಎಲ್ಲೋ ಒಂದು ನಮಗೆ ಅನುಕೂಲವಾಗುವಂತೆ ಬದಲಾಗಿರುತ್ತದೆ. ಆ ಒಂದನ್ನು ಹುಡುಕುವ ಕೆಲಸ ಯಂತ್ರದ್ದಲ್ಲ.

ಈ ವಿದ್ಯೆಯ ಮೊದಲ ದೊಡ್ಡ ಫಲ ಸಿಕ್ಕಿದ್ದು ಅಣಬೆಯ ದೂರದ ಸಂಬಂಧಿಯಾದ ಒಂದು ಬೂಷ್ಟಿನಲ್ಲಿ. ಎರಡನೆಯ ಮಹಾಯುದ್ಧದ ನಡುವೆ ಗಾಯಾಳುಗಳಿಗೆ ಪೆನಿಸಿಲಿನ್ ಬೇಕಿತ್ತು; ಫ್ಲೆಮಿಂಗನ ಬೂಷ್ಟು ಕೊಡುತ್ತಿದ್ದುದು ಅತ್ಯಲ್ಪ. 1943ರಲ್ಲಿ ಅಮೆರಿಕದ ಪಿಯೋರಿಯಾ ಎಂಬಲ್ಲಿನ ಸರಕಾರಿ ಪ್ರಯೋಗಶಾಲೆಯವರಿಗೆ ಕೊಳೆತ ಕರಬೂಜದ ಹಣ್ಣೊಂದರ ಮೇಲೆ ಉತ್ತಮ ಬೂಷ್ಟು ದೊರೆಯಿತು. ಕೋಲ್ಡ್ ಸ್ಪ್ರಿಂಗ್ ಹಾರ್ಬರಿನಲ್ಲಿ ಡಿಮೆರೆಕ್ ಎಂಬ ವಿಜ್ಞಾನಿಯ ತಂಡ ಅದರ ವಂಶದ ಬೀಜಕಗಳಿಗೆ ಕ್ಷಕಿರಣ ಹಾಯಿಸಿತು. ಬದುಕಿ ಉಳಿದವುಗಳಲ್ಲಿ ‘ಎಕ್ಸ್-1612’ ಎಂಬ ತಳಿ ಸುಮಾರು ಇಮ್ಮಡಿ ಪೆನಿಸಿಲಿನ್ ಕೊಟ್ಟಿತು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಬ್ಯಾಕಸ್ ಮತ್ತು ಸ್ಟೌಫರ್ ಎಂಬವರು ಅದಕ್ಕೆ ಅತಿನೇರಳೆ ಕಿರಣ ತಾಗಿಸಿ ‘ಕ್ಯೂ-176’ ಎಂಬ ತಳಿಯನ್ನು ಪಡೆದರು. ಇಳುವರಿ ಮತ್ತೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಔಷಧಕ್ಕೆ ಅಂಟಿಕೊಂಡು ತೊಂದರೆ ಕೊಡುತ್ತಿದ್ದ ಹಳದಿ ಬಣ್ಣವನ್ನೂ ಮುಂದಿನ ಒಂದು ಉತ್ಪರಿವರ್ತನೆಯಿಂದ ಕಳೆದುಹಾಕಿದರು. ಅಂದು ಬದುಕಿ ಮನೆಗೆ ಮರಳಿದ ಎಷ್ಟೋ ತಾಯಂದಿರ ಮಕ್ಕಳಿಗೆ ಈ ಕಿರಣದ ಋಣವಿದೆ.

ನಮ್ಮ ದೇಶದ ಉದಾಹರಣೆಯೊಂದನ್ನೂ ನೋಡಿ. ಮೆಕ್ಸಿಕೊದಿಂದ ಬಂದ ‘ಸೊನೋರಾ-64’ ಗೋಧಿ ಭರ್ಜರಿ ಫಸಲು ಕೊಟ್ಟರೂ ಅದರ ಕಾಳು ಕೆಂಪಗಿತ್ತು. ಚಪಾತಿ ತಿನ್ನುವವರ ಕಣ್ಣಿಗೆ ಅದು ಒಗ್ಗಲಿಲ್ಲ. ದೆಹಲಿಯಲ್ಲಿ ಸ್ವಾಮಿನಾಥನ್ ಅವರ ಬಳಗ ಅದಕ್ಕೆ ಗಾಮಾ ಕಿರಣ ಹಾಯಿಸಿ, ಹೊಂಬಣ್ಣದ ಕಾಳಿನ ‘ಶರಬತಿ ಸೊನೋರಾ’ ತಳಿಯನ್ನು 1967ರಲ್ಲಿ ಹೊರತಂದಿತು. ಅಲ್ಲಿ ಅಣಬೆ ಬೆಳ್ಳಗಾಗಬೇಕು, ಇಲ್ಲಿ ಗೋಧಿ ಹೊಂಬಣ್ಣವಾಗಬೇಕು. ಹೊಟ್ಟೆಗಿಂತ ಮೊದಲು ಕಣ್ಣು ಊಟಕ್ಕೆ ಕೂರುತ್ತದೆ ಎಂಬುದು ಎರಡು ಖಂಡಗಳಲ್ಲಿಯೂ ನಿಜ. ಇಂದು ವಿಶ್ವದ ದಾಖಲೆಯಲ್ಲಿ ಇಂಥ ಉತ್ಪರಿವರ್ತಿತ ಬೆಳೆತಳಿಗಳು 3,000ಕ್ಕೂ ಮಿಕ್ಕಿವೆ. ನಮ್ಮ ರೈತರು ಬಿತ್ತುವ ಟ್ರಾಂಬೆಯ ‘ಟಿಎಜಿ-24’ ಶೇಂಗಾ ಇದೇ ವಿದ್ಯೆಯ ಪರಂಪರೆಗೆ ಸೇರಿದ್ದು.

ಹಾಗಾದರೆ ಬಟನ್ ಅಣಬೆಯಲ್ಲಿಯೂ ಕಿರಣ ಹಾಯಿಸಿ ಇಳುವರಿಯನ್ನು ಇಮ್ಮಡಿ ಮುಮ್ಮಡಿ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅನೇಕ ದೇಶಗಳಲ್ಲಿ ಪ್ರಯತ್ನಗಳು ನಡೆದವು. ಆದರೆ ಈ ಅಣಬೆ ಬಹಳ ಹಟಮಾರಿ. ಪೆನಿಸಿಲಿನ್ ಬೂಷ್ಟಿನ ಬೀಜಕದಲ್ಲಿ ಕೋಶಕೇಂದ್ರ ಒಂದೇ. ಅಲ್ಲಿ ಆದ ಬದಲಾವಣೆ ಮರೆಯಲ್ಲಿ ಉಳಿಯುವುದಿಲ್ಲ. ಬಟನ್ ಅಣಬೆಯ ಬೀಜಕಗಳಲ್ಲಿ ಸಾಮಾನ್ಯವಾಗಿ ಎರಡು ಕೋಶಕೇಂದ್ರಗಳಿರುತ್ತವೆ; ಅದರ ಎಳೆಗಳ ಒಂದೊಂದು ಕೋಶದಲ್ಲಿಯೂ ಹಲವು. ಒಂದು ಕೇಂದ್ರದಲ್ಲಿ ಯಾವುದೋ ಜೀನು ಕೆಟ್ಟರೆ ಇನ್ನೊಂದು ಅದರ ಕೆಲಸವನ್ನು ಮಾಡಿಕೊಡುತ್ತದೆ. ನೊಗದ ಒಂದು ಎತ್ತು ಕುಂಟಿದರೂ ಜೋಡೆತ್ತು ಬಂಡಿಯನ್ನು ಎಳೆಯುವಂತೆ. ಬದಲಾವಣೆ ಆಗಿದ್ದರೂ ಕಾಣಿಸುವುದಿಲ್ಲ. ಮತ್ತೊಂದು ತೊಡಕೆಂದರೆ ಪರೀಕ್ಷೆಯದು. ಬೂಷ್ಟನ್ನು ಗಾಜಿನ ತಟ್ಟೆಯಲ್ಲಿಯೋ ಕುಪ್ಪಿಯಲ್ಲಿಯೋ ಬೆಳೆಸಿ ಕೆಲವು ದಿನಗಳಲ್ಲಿ ಅಳೆಯಬಹುದು. ಅಣಬೆಯ ಪ್ರತಿಯೊಂದು ಅಭ್ಯರ್ಥಿಗೂ ಕಾಳಿನ ಮೇಲೆ ಬಿತ್ತು ಕಟ್ಟಬೇಕು, ಗೊಬ್ಬರ ಹದಮಾಡಬೇಕು, ಮೇಲುಮಣ್ಣು ಹರಡಬೇಕು, ಕೊಯ್ಲಿನಿಂದ ಕೊಯ್ಲಿಗೆ ತೂಗಬೇಕು. ಒಂದು ಸರದಿಗೆ ಎರಡು ಮೂರು ತಿಂಗಳು. ಸಾವಿರ ಅಭ್ಯರ್ಥಿಗಳನ್ನು ಹೀಗೆ ಪರೀಕ್ಷಿಸಲು ಯಾವ ಸಂಸ್ಥೆಗೆ ಜಾಗವಿದೆ?

ಆದುದರಿಂದ ಬಟನ್ ಅಣಬೆಯಲ್ಲಿ ಗೆದ್ದದ್ದು ಕಿರಣದ ಹಾದಿಯಲ್ಲ, ಸಂಕರದ ಹಾದಿ. 1972ರಲ್ಲಿ ಕಾರ್ಲೀನ್ ರೇಪರ್, ಜಾನ್ ರೇಪರ್ ಮತ್ತು ರಾಬರ್ಟ್ ಮಿಲ್ಲರ್ ಈ ಅಣಬೆಯ ಜೀವನಚಕ್ರದ ಒಗಟನ್ನು ಬಿಡಿಸಿ, ಅಪರೂಪಕ್ಕೆ ಹುಟ್ಟುವ ಒಂಟಿ ಬಗೆಯ ಬೀಜಕಗಳನ್ನು ತಂದೆತಾಯಿಯಾಗಿ ಬಳಸಬಹುದೆಂಬುದನ್ನು ಸ್ಪಷ್ಟಪಡಿಸಿದರು. ನೆದರ್ಲೆಂಡ್ಸಿನ ಹೋರ್ಸ್ಟ್ ಎಂಬಲ್ಲಿನ ಅಣಬೆ ಪ್ರಯೋಗಕೇಂದ್ರದಲ್ಲಿ ಗೆರ್ಡಾ ಫ್ರಿಟ್ಷ ಎಂಬ ವಿಜ್ಞಾನಿ ಅಚ್ಚಬಿಳಿಯ ತಳಿಯನ್ನೂ ಮಬ್ಬುಬಿಳಿಯ ತಳಿಯನ್ನೂ ಕೂಡಿಸಿ, 1980ರ ದಶಕದ ಆರಂಭದಲ್ಲಿ ‘ಹೋರ್ಸ್ಟ್ ಯು-1’ ಎಂಬ ಸಂಕರ ತಳಿಯನ್ನು ಬಳಕೆಗೆ ಕೊಟ್ಟಳು. ಒಂದರ ಚೆಲುವು, ಇನ್ನೊಂದರ ಗಟ್ಟಿತನ ಅದರಲ್ಲಿ ಕೂಡಿದ್ದವು. ಲೋಕವೆಲ್ಲ ಅದನ್ನು ಅಪ್ಪಿಕೊಂಡಿತು. ತಿರುಳಿನಿಂದ ಬಿತ್ತು ತೆಗೆಯುವುದು ಸುಲಭವಾದುದರಿಂದ ಇತರ ಬಿತ್ತು ತಯಾರಕರ ಬಿಳಿ ತಳಿಗಳೂ ಬಹುಮಟ್ಟಿಗೆ ಅದರ ಪಡಿಯಚ್ಚುಗಳೋ ಹತ್ತಿರದ ಬಂಧುಗಳೋ ಆಗಿಹೋದವು.

ಕಿರಣದ ವಿದ್ಯೆಗೆ ಅಣಬೆಯಲ್ಲಿ ನಿಜವಾದ ಕೆಲಸ ಸಿಕ್ಕಿದ್ದು ಚಿಪ್ಪಣಬೆಯಲ್ಲಿ. ಇದರ ಕಥೆಯಲ್ಲಿ ನಮ್ಮ ಮೈಸೂರಿಗೂ ಒಂದು ಪುಟವಿದೆ. ಜರ್ಮನಿಯಲ್ಲಿ ರಿಚರ್ಡ್ ಫಾಲ್ಕ್ 1917ರಲ್ಲಿ ಮರದ ಬೊಡ್ಡೆಗಳ ಮೇಲೆ ಚಿಪ್ಪಣಬೆ ಬೆಳೆಸುವುದನ್ನು ವಿವರಿಸಿದ್ದನು. ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಝಕಿಯಾ ಬಾನು ಮತ್ತು ಶ್ರೀವಾಸ್ತವ ಅವರು, ಚಿಪ್ಪಣಬೆಯನ್ನು ಭತ್ತದ ಹುಲ್ಲಿನ ಮೇಲೆ ಬೆಳೆಸುವ ಕ್ರಮವನ್ನು 1962ರಲ್ಲಿ ಪ್ರಕಟಿಸಿದರು. ಇದರ ಮಹತ್ವವನ್ನು ಎಷ್ಟು ಹೇಳಿದರೂ ಸಾಲದು. ಬಟನ್ ಅಣಬೆಗೆ ತಂಪು ಬೇಕು, ಹದಮಾಡಿದ ಗೊಬ್ಬರ ಬೇಕು, ಬಂಡವಾಳ ಬೇಕು. ಚಿಪ್ಪಣಬೆಗೆ ಒಂದು ಹೊರೆ ಹುಲ್ಲು, ನೆರಳಿನ ಒಂದು ಕೋಣೆ, ದಿನಕ್ಕೆ ಎರಡು ಸಲ ನೀರು ಚಿಮುಕಿಸುವ ಕೈಗಳಿದ್ದರೆ ಸಾಕು. ಭೂಮಿಯಿಲ್ಲದವರೂ ಮಾಡಬಹುದಾದ ಬೇಸಾಯ ಇದು. ಬಡವರ ಮನೆಯೊಳಗೆ ಬಂದ ಕೃಷಿ.

ಮನೆಯೊಳಗೆ ಬಂದದ್ದೇ ಒಂದು ತೊಡಕೂ ಆಯಿತು. ಚಿಪ್ಪಣಬೆ ಬಲಿಯುತ್ತಿದ್ದಂತೆ ಅಪಾರ ಸಂಖ್ಯೆಯ ಬೀಜಕಗಳನ್ನು ಹೊಗೆಯಂತೆ ಗಾಳಿಗೆ ಬಿಡುತ್ತದೆ. ಕಾಡಿನಲ್ಲಿ ಗಾಳಿ ಅವನ್ನು ಒಯ್ಯುತ್ತದೆ. ಮುಚ್ಚಿದ ಕೋಣೆಯಲ್ಲಿ ಕೊಯ್ಲು ಮಾಡುವವರ ಉಸಿರಿಗೆ ಸೇರುತ್ತದೆ. ದಿನವೂ ಅದನ್ನು ಉಸಿರಾಡುವವರಲ್ಲಿ ಕೆಲವರಿಗೆ ಕೆಮ್ಮು, ಜ್ವರ, ಏದುಸಿರು ಬರುತ್ತದೆ. ವೈದ್ಯರು ಇದನ್ನು ಅಣಬೆ ಕೆಲಸಗಾರರ ಶ್ವಾಸಕೋಶದ ಬೇನೆಯೆಂದೇ ಗುರುತಿಸಿದ್ದಾರೆ. ಇಲ್ಲಿ ಇಳುವರಿಯ ಅರ್ಥವನ್ನೇ ಮತ್ತೊಮ್ಮೆ ಕೇಳಿಕೊಳ್ಳಬೇಕಾಗುತ್ತದೆ. ಬುಟ್ಟಿ ತುಂಬಿತು, ಆದರೆ ಬುಟ್ಟಿ ತುಂಬಿದವಳ ಎದೆ ಗೂರತೊಡಗಿತು ಎಂದರೆ ಅದು ಎಂಥ ಇಳುವರಿ?

ಪರಿಹಾರವೆಂದರೆ ಬೀಜಕವನ್ನೇ ಬಿಡದ ಅಣಬೆ. ಕಾಡಿನಲ್ಲಿ ಅಂಥದು ಹುಟ್ಟಿದರೆ ಸಂತಾನವಿಲ್ಲದೆ ಅಳಿಯಬೇಕಾದದ್ದೇ; ಪ್ರಕೃತಿಯ ಲೆಕ್ಕದಲ್ಲಿ ಅದು ಶುದ್ಧ ವಿಕೃತಿ. ತಿರುಳಿನಿಂದ ಬಿತ್ತು ಮಾಡಿಕೊಳ್ಳುವ ರೈತನಿಗಾದರೋ ಬೀಜಕದ ಹಂಗಿಲ್ಲ. 1970ರ ದಶಕದಲ್ಲಿ ಜರ್ಮನಿಯ ಗೆರ್ಲಿಂಡ್ ಎಗರ್ ಎಂಬ ವಿಜ್ಞಾನಿಯ ಬಳಗ ಬೀಜಕರಹಿತ ಚಿಪ್ಪಣಬೆಯೊಂದನ್ನು ವರದಿಮಾಡಿತು. 1989ರಲ್ಲಿ ಫ್ರಾನ್ಸಿನ ಇಂಬೆರ್ನೊ ಮತ್ತು ಲಬಾರೆರ್ ಎಂಬವರು ಪ್ರೇರಿತ ಉತ್ಪರಿವರ್ತನೆಯಿಂದ, ಬೀಜಕವಿಲ್ಲದ ಅಥವಾ ಅತಿ ಕಡಮೆ ಬಿಡುವ ತಳಿಗಳನ್ನು ಆರಿಸಿದ ವಿವರವನ್ನು ಪ್ರಕಟಿಸಿದರು. 2003ರಲ್ಲಿ ಜಪಾನಿನವರು ‘ಎರಿಂಜಿ’ ಎಂಬ ದಪ್ಪಕಾಂಡದ ಚಿಪ್ಪಣಬೆಯಲ್ಲಿ ಅತಿನೇರಳೆ ಕಿರಣದಿಂದ ಅಂಥದೊಂದನ್ನು ಪಡೆದ ವರದಿಯನ್ನು ಹೊರತಂದರು.

ಆದರೆ ಕೆಲಸ ಅಲ್ಲಿಗೇ ಮುಗಿಯಲಿಲ್ಲ. ಮೊದಮೊದಲ ಬೀಜಕರಹಿತ ತಳಿಗಳ ಆಕಾರವೂ ಫಸಲೂ ಬೆಳೆಗಾರನಿಗೆ ತೃಪ್ತಿ ಕೊಡಲಿಲ್ಲ. ಆ ಒಂದು ಗುಣವನ್ನು ಉಳಿಸಿಕೊಂಡು ಉಳಿದ ಕುಂದುಗಳನ್ನು ಕಳೆಯಲು, ಒಳ್ಳೆಯ ತಳಿಗಳೊಡನೆ ತಲೆಮಾರುಗಳ ಕಾಲ ಮತ್ತೆ ಮತ್ತೆ ಸಂಕರ ಮಾಡಬೇಕಾಯಿತು. ಎಗರ್ ಬಳಗದ ತಳಿಯಿಂದ ಹೊರಟು ಬೆಳೆಗಾರರು ಒಪ್ಪುವಂಥ ತಳಿ ಡಚ್ಚರ ಕೈಯಲ್ಲಿ ಸಿದ್ಧವಾಗಲು ಸುಮಾರು ಮೂರು ದಶಕಗಳು ಹಿಡಿದವು. ಕಿರಣ ಬೀಳುವುದು ಕೆಲವು ಕ್ಷಣ ಅಥವಾ ನಿಮಿಷ. ಅದರ ಫಲವನ್ನು ಮನುಷ್ಯೋಪಯೋಗಿ ಮಾಡಲು ಬೇಕಾದದ್ದು ಒಬ್ಬ ಸಂಶೋಧಕನ ಆಯುಷ್ಯದ ಬಹುಪಾಲು.

ಇನ್ನು ಒಂದು ಎಚ್ಚರದ ಮಾತು. ಲೋಕದ ಬಿಳಿ ಬಟನ್ ಅಣಬೆಯೆಲ್ಲ ಬಹುಮಟ್ಟಿಗೆ ಒಂದೇ ಮನೆತನದ್ದೆಂದೆನಷ್ಟೆ. ಒಂದೇ ಬೀಗದ ಕೈಯಿಂದ ಊರಿನ ಮನೆಗಳೆಲ್ಲ ತೆರೆಯುವಂತಿದ್ದರೆ ಕಳ್ಳನಿಗೆ ಸುಗ್ಗಿ. ಆ ಮನೆತನಕ್ಕೆ ಒಗ್ಗಿದ ಹೊಸ ರೋಗವೊಂದು ಬಂದರೆ ತಡೆಯುವ ಗುಣ ಎಲ್ಲಿಂದ ತರಬೇಕು? ಕಿರಣ ಇದ್ದುದನ್ನು ಕದಡಬಲ್ಲುದೇ ಹೊರತು, ಸಾವಿರಾರು ವರ್ಷ ಬಿಸಿಲು ಬರಗಳಲ್ಲಿ ಕಾಡುತಳಿಯೊಂದು ಕಲಿತ ಪಾಠವನ್ನು ಒಂದೇ ಏಟಿಗೆ ಬರೆದುಕೊಡಲಾರದು. ಇದನ್ನರಿತ ರಿಚರ್ಡ್ ಕೆರಿಗನ್ ಎಂಬ ಅಮೆರಿಕದ ವಿಜ್ಞಾನಿ 1980ರ ದಶಕದ ಕೊನೆಯಿಂದ ಕಾಡು ಅಣಬೆಗಳ ಸಂಗ್ರಹಕ್ಕೆ ತೊಡಗಿದನು. ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಇದೇ ಜಾತಿಗೆ ಸೇರಿದ ಒಂದು ಬಗೆ ದೊರೆಯಿತು. ಅದು ಎರಡರ ಬದಲು ನಾಲ್ಕು ನಾಲ್ಕು ಬೀಜಕಗಳನ್ನು ಹೊರುತ್ತದೆ, ಒಂಟಿ ಕೋಶಕೇಂದ್ರದ ಬೀಜಕಗಳನ್ನು ಧಾರಾಳವಾಗಿ ಕೊಡುತ್ತದೆ. 1993ರಲ್ಲಿ ಅದರ ಶಾಸ್ತ್ರೀಯ ವಿವರಣೆ ಹೊರಬಂದಿತು. ಸಂಕರ ಮಾಡುವವನಿಗೆ ಬೇಕಾಗಿದ್ದ ಬಾಗಿಲು ತೆರೆದದ್ದು ಹೀಗೆ, ಮರಳಿನಲ್ಲಿ.

ಇತ್ತೀಚಿನ ಒಂದು ಘಟನೆಯನ್ನು ಹೇಳಿ ಮುಗಿಸುತ್ತೇನೆ. ಈಗ ಕಿರಣದ ಕುರುಡು ಏಟಿಗೆ ಬದಲಾಗಿ, ಬೇಕಾದ ಜೀನನ್ನೇ ಹುಡುಕಿ ಕತ್ತರಿಸುವ ವಿದ್ಯೆ ಬಂದಿದೆ. ಪೆನ್ಸಿಲ್ವೇನಿಯಾದ ವಿಶ್ವವಿದ್ಯಾನಿಲಯವೊಂದರಲ್ಲಿ ಯಿನಾಂಗ್ ಯಾಂಗ್ ಎಂಬ ವಿಜ್ಞಾನಿ, ಬಟನ್ ಅಣಬೆಯನ್ನು ಕಂದಾಗಿಸುವ ಒಂದು ಕಿಣ್ವದ ಆರು ಜೀನುಗಳಲ್ಲಿ ಒಂದನ್ನು ಹೀಗೆ ಕೆಡಿಸಿ, ಕೊಯ್ದ ಮೇಲೂ ಬೇಗ ಕಪ್ಪಿಡದ ಅಣಬೆಯನ್ನು ಮಾಡಿದನು. ಹೊರಗಿನ ಜೀನು ಸೇರಿಲ್ಲವಾದ ಕಾರಣ ಅದಕ್ಕೆ ತನ್ನ ನಿಯಂತ್ರಣ ಬೇಕಿಲ್ಲವೆಂದು ಅಮೆರಿಕದ ಕೃಷಿ ಇಲಾಖೆ 2016ರಲ್ಲಿ ತಿಳಿಸಿತು. ಕೋಟ್ಸ್‌ವಿಲ್‌ನ ಬಿಳಿ ಅಣಬೆ ಕಾಣಿಸಿಕೊಂಡ ರಾಜ್ಯವೂ ಅದೇ. ಸುಮಾರು 90 ವರ್ಷಗಳಲ್ಲಿ ಉಪಕರಣ ಎಷ್ಟು ಸೂಕ್ಷ್ಮವಾಯಿತು! ಕೆಡದೆ ಉಳಿದ ಅಣಬೆ ಪೋಲಾಗದೆಂಬ ಲಾಭವೂ ಇದರಲ್ಲುಂಟು, ಅಲ್ಲಗಳೆಯುವುದಿಲ್ಲ. ಆದರೆ ಕಣ್ಣು ಬಯಸಿದ್ದು ಮಾತ್ರ ಅಂದಿನ ಬಿಳುಪನ್ನೇ.

ಉಪಕರಣ ಹರಿತವಾದಷ್ಟೂ ಆಯ್ಕೆಯ ಹೊಣೆ ಹೆಚ್ಚುತ್ತದೆ. ಯಾವ ತಳಿ ಬೇಕೆಂದು ಹೇಳುವ ಹಕ್ಕು ಇದುವರೆಗೆ ಹೆಚ್ಚಾಗಿ ಕೊಳ್ಳುವವನ ಕಣ್ಣಿಗೂ ಮಾರುವವನ ತಕ್ಕಡಿಗೂ ಇತ್ತು. ಹುಲ್ಲಿನ ಕಟ್ಟಿನ ಮುಂದೆ ಕುಳಿತು ಕೊಯ್ಯುವವರ ಉಸಿರಿಗೂ ಅದರಲ್ಲಿ ಒಂದು ಮಾತು ಇರಬೇಕೆಂಬುದನ್ನು ಬೀಜಕರಹಿತ ತಳಿಗಳ ಚರಿತ್ರೆ ನಮಗೆ ಕಲಿಸಿದೆ. ನಮ್ಮ ಸೋಲನ್ನಿನ ಅಣಬೆ ಸಂಶೋಧನಾಲಯದವರೂ, ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯವರೂ, ಇತರ ಕೃಷಿ ವಿಜ್ಞಾನಿಗಳೂ ಹೊಸ ತಳಿಯೊಂದನ್ನು ತೂಗಿ ನೋಡುವಾಗ, ಎಷ್ಟು ಕಿಲೋ ಬಂದಿತು ಎಂಬುದರ ಪಕ್ಕದಲ್ಲಿ ಕೊಯ್ದವರು ಹೇಗಿದ್ದಾರೆ ಎಂಬ ಅಂಕಣವನ್ನೂ ಇಟ್ಟುಕೊಳ್ಳಲಿ. ಹುತ್ತದ ಮಗ್ಗುಲಿನ ಕಾಡುತಳಿಗಳನ್ನೂ ಕಾಪಾಡಲಿ ಎಂಬುದು ನನ್ನ ಬಿನ್ನಹ.